ಚೀಲದೊಳಗಿನ ಕೈ

ಮುದ್ರಣಾಲಯದ ಹಿಂದಿನ ಕೋಣೆ,
ಬುಧವಾರ ಮಧ್ಯಾಹ್ನ

ಅಮ್ಮನಿಗೆ,

ಹೇಳದೆ ಕೇಳದೆ ಬಟ್ಟೆ ಗಂಟು ಕಟ್ಟಿಕೊಂಡು ಮಗನ ಮನೆ ಸೇರಿದ ನಿನಗೆ, ಅರ್ಧ ಸಿಟ್ಟನ್ನು ಇನ್ನೂ ಉಳಿಸಿಕೊಂಡಿರುವ ಮಗಳು ಮಾಡುವ ನಮಸ್ಕಾರ. ಇನ್ನರ್ಧ ಸಿಟ್ಟು ಈ ನಡುವೆ ಖರ್ಚಾಗಿಹೋಯಿತು. ಯಾರ ಮೇಲೆ, ಹೇಗೆ ಖರ್ಚಾಯಿತೆಂದು ಹೇಳುವುದಕ್ಕೇ ಈ ಪತ್ರ.

ಅಕ್ಷರಗಳು ಸೊಟ್ಟಸೊಟ್ಟಗಿವೆ ಎಂದು ಗಾಬರಿಯಾಗಬೇಡ. ಪೆನ್ನು ಸರಿಯಿಲ್ಲ, ಮೇಜು ಅಲ್ಲಾಡುತ್ತದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹ್ಞೂಂ, ಆಯ್ತು, ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದು ನನ್ನನ್ನು ಮುಗಿಸಿಬಿಡುತ್ತೀಯ. ಪತ್ರವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಕನ್ನಡಕ ಹಾಕಿಕೊಂಡು ನೀನೇ ಓದು. ಅಣ್ಣನ ಕೈಗೆ ಕೊಡಬೇಡ, ಅವನು ನಾಲ್ಕು ಸಾಲು ನೋಡಿ "ಇವಳಿಗೆ ಮತ್ತೆ ಶುರುವಾಯ್ತು" ಎಂದು ಮಡಚಿಡುತ್ತಾನೆ.

ಮುಖ್ಯವಾದದ್ದನ್ನು ಮೊದಲೇ ಹೇಳುತ್ತೇನೆ. ಬರುವ ಸೋಮವಾರ ಬೆಳಿಗ್ಗೆ ನೀನು ಇಲ್ಲಿರಬೇಕು. ಚೀಲದ ಕಂಪನಿಯ ಬಾಗಿಲಲ್ಲಿ, ಚಿಕ್ಕಮ್ಮನ ಪಕ್ಕದಲ್ಲಿ ನಿಂತಿರಬೇಕು. ನೀನು ಬರದಿದ್ದರೆ ಹೋಗುವುದು ನಿನ್ನ ಜಾಗವೊಂದೇ ಅಲ್ಲ, ಅವಳದೂ ಹೋಗುತ್ತದೆ.

ಆ ಬಾಗಿಲಿನ ಹೆಸರೆತ್ತಿದರೆ ನಿನ್ನ ಮುಖ ಹೇಗಾಗುತ್ತದೆಂದು ನನಗೆ ಗೊತ್ತು. ಕೆಲಸದ ಪರೀಕ್ಷೆಯ ದಿನ ನೀನು ಅದರಿಂದ ಹೊರಗೆ ಬಂದಾಗ ನಾನು ಎದುರು ಬದಿಯ ಗೋಡೆಯ ಹತ್ತಿರ ನಿಂತಿದ್ದೆ. ನೀನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಡೆದುಕೊಂಡು ಹೋದೆ, ನನ್ನ ಕಡೆ ನೋಡಲಿಲ್ಲ. ಮರುದಿನ ನೀನು ಊರಲ್ಲಿರಲಿಲ್ಲ. ಒಳಗೆ ಏನಾಯಿತೆಂದು ನೀನು ಯಾರಿಗೂ ಹೇಳಲಿಲ್ಲ. ಚಿಕ್ಕಮ್ಮನೂ ತುಂಬಾ ದಿನ ಬಾಯಿ ಬಿಡಲಿಲ್ಲ. ಆಮೇಲೆ ಒಂದು ದಿನ ಪಾತ್ರೆ ತೊಳೆಯುತ್ತ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಒಂದೇ ಬಟ್ಟಲನ್ನು ಸವೆಯುವಂತೆ ತಿಕ್ಕಿಬಿಟ್ಟಿದ್ದಳು.

ಪರೀಕ್ಷೆ ಶುರುವಾಗುವ ಮೊದಲು ಮೇಲ್ವಿಚಾರಕ ಸೀಟಿ ಊದಿದನಂತೆ. (ನಮ್ಮ ಮನೆಸಾಲಿನವರೆಲ್ಲ ಈಗ ಅವನನ್ನು ಸೀಟಿ ಎಂದೇ ಕರೆಯುತ್ತಾರೆ.) ಸೀಟಿ ಕೇಳಿದ ಕೂಡಲೇ ನೀವೆಲ್ಲರೂ ಒಂದೊಂದು ಮಿಷನ್ನಿಗೆ ಇಬ್ಬಿಬ್ಬರಂತೆ ಕೂತಿರಿ. ಅರ್ಧ ಮಿಷನ್ನುಗಳು ಖಾಲಿ. "ಏನ್ರಮ್ಮಾ ಇದು, ಒಬ್ಬೊಬ್ಬರೇ ಕೂತ್ಕೊಳ್ಳಿ, ಶಾಲೆ ಮಕ್ಕಳಾ ನೀವು" ಎಂದು ಅವನು ನಿಮ್ಮನ್ನು ಬಿಡಿಸಿ ಬಿಡಿಸಿ ಕೂರಿಸಿದ. ಎಲ್ಲರಿಗೂ ಒಂದು ತುಂಡು ದಪ್ಪ ಬಟ್ಟೆ ಕೊಟ್ಟ. ನೇರ ಹೊಲಿಗೆ ಹಾಕಬೇಕು, ಮೂಲೆ ತಿರುಗಿಸಬೇಕು, ಅಷ್ಟೆ. ಚಿಕ್ಕಮ್ಮ ನೇರ ಹೊಲಿಗೆ ಹಾಕಿದಳು, ಮೂಲೆ ಬಂದ ಕಡೆ ನಿಂತುಬಿಟ್ಟಳು. ಮೂಲೆಯಲ್ಲಿ ಬಟ್ಟೆಯನ್ನು ಎಳೆದು ಕೊಡುವುದು ಯಾವತ್ತೂ ನಿನ್ನ ಕೆಲಸ. ಅವಳ ಕೈ ನಿನಗಾಗಿ ಕಾಯಿತು.

ನೀನು ಬಟ್ಟೆಯ ಅಡಿಗೆ ಎಡಗೈ ಹಾಕಿದೆ. ಓಡುತ್ತಿರುವ ಮಿಷನ್ನಿನ ಸೂಜಿಯ ಕೆಳಗೆ, ಸೂಜಿಯನ್ನು ಹಿಡಿಯುವುದಕ್ಕೆ. ಸೀಟಿ ಓಡಿಬಂದು ನಿನ್ನ ಮಣಿಕಟ್ಟು ಹಿಡಿದು ಎಳೆದ. "ಈಯಮ್ಮನಿಗೆ ಮಿಷನ್ ಅಂದ್ರೆ ಏನು ಅಂತಾನೇ ಗೊತ್ತಿಲ್ಲ, ಕೈ ಕಳ್ಕೊಂಡ್ರೆ ನಮ್ಮ ತಲೆಗೆ ಬರುತ್ತೆ" ಎಂದು ಎಲ್ಲರ ಮುಂದೆ ಕೂಗಿದ. ನೀನು ಎದ್ದು ಹೊರಗೆ ಬಂದೆ. ಎದುರು ಬದಿಯಲ್ಲಿ ನಾನು ನಿಂತಿದ್ದೆ.

ಅಮ್ಮಾ, ಆ ಕೈ ಅಲ್ಲಿಗೆ ಯಾಕೆ ಹೋಯಿತೆಂದು ನಿನಗೆ ಗೊತ್ತೇ ಇರುತ್ತದೆ. ಆದರೂ ಬರೆಯುತ್ತೇನೆ. ಬರೆದದ್ದನ್ನು ಓದಿದರೆ ಕೆಲವೊಮ್ಮೆ ನಾಚಿಕೆ ಬಿಟ್ಟುಹೋಗುತ್ತದೆ. ನಾನು ಚಿಕ್ಕವಳಿದ್ದಾಗ ಶಾಲೆ ಬಿಟ್ಟು ಸೀದಾ ಚೀಲದ ಅಂಗಳಕ್ಕೆ ಬರುತ್ತಿದ್ದೆನಲ್ಲ. ಧಾನ್ಯದ ವ್ಯಾಪಾರಿಗಳ ಹರಿದ ಗೋಣಿಚೀಲಗಳ ರಾಶಿ, ಮೂಗಿನೊಳಗೆ ಸೇರುವ ನಾರಿನ ಧೂಳು, ತಗಡಿನ ಚಪ್ಪರದ ಕೆಳಗೆ ಜೋಡಿ ಜೋಡಿಯಾಗಿ ಕೂತ ಹೆಂಗಸರು. ಒಬ್ಬಳು ಚೀಲದ ಹೊರಗೆ ದಬ್ಬಳ ಹಿಡಿದು ಕೂತರೆ ಇನ್ನೊಬ್ಬಳು ಮೊಣಕೈವರೆಗೆ ಕೈಯನ್ನು ಚೀಲದೊಳಗೆ ಹಾಕಿ, ತೇಪೆಯನ್ನು ಒಳಗಿನಿಂದ ಒತ್ತಿ ಹಿಡಿಯುತ್ತಿದ್ದಳು. ಹೊರಗಿನವಳು ದಬ್ಬಳವನ್ನು ಚುಚ್ಚಿ ಬಿಡುತ್ತಿದ್ದಳು. ಒಳಗಿನ ಕೈ ಅದನ್ನು ಹಿಡಿದು, ಹುರಿ ಎಳೆದು, ತಿರುಗಿಸಿ ವಾಪಸ್ಸು ಕಳಿಸುತ್ತಿತ್ತು. ಹೊರಗಿನ ಕೈ ಚಿಕ್ಕಮ್ಮನದು, ಒಳಗಿನದು ನಿನ್ನದು. ಮನೆಯಲ್ಲಿ ಒಂದು ಸೌಟಿಗಾಗಿ ದಿನವಿಡೀ ಮಾತು ಬಿಡುತ್ತಿದ್ದ ವಾರಗಿತ್ತಿಯರು ನೀವು. ಆದರೆ ನೀವು ಮಾತು ಬಿಟ್ಟ ದಿನಗಳಲ್ಲೂ ದಬ್ಬಳ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಲೇ ಇತ್ತು.

ಇಷ್ಟು ವರ್ಷ ಸೂಜಿ ಬರುವ ಕಡೆಗೆ ಕೈ ಒಡ್ಡಿದವಳು ಮಿಷನ್ನಿನ ಮುಂದೆಯೂ ಒಡ್ಡಿದಳು. ಅದಕ್ಕೆ ದಡ್ಡತನ ಎಂದು ಹೆಸರಿಡಲು ನಾನು ಬಿಡುವುದಿಲ್ಲ.

ನಾನು ಕಾಲೇಜು ಕಂಡವಳಲ್ಲ. ನನ್ನ ವಿದ್ಯೆಯೆಲ್ಲ ಈ ಮುದ್ರಣಾಲಯದಲ್ಲಿ ಮಡಚಿದ ಹಾಳೆಗಳಿಂದ ಬಂದದ್ದು. ಕಾರ್ಮಿಕ ಸಂಘದ ಕರಪತ್ರ, ಹೆಂಗಸರ ಕೂಲಿಯ ಬಗ್ಗೆ ಕಿರುಹೊತ್ತಿಗೆ, ಯಾವುದೋ ಮುಷ್ಕರದ ಮನವಿ. ಮಡಚುವಾಗ ನಡುವಿನ ಪುಟವೇ ಮೊದಲು ಕಣ್ಣಿಗೆ ಬೀಳುವುದರಿಂದ ಎಷ್ಟೋ ವಾದಗಳ ಹೊಟ್ಟೆ ನನಗೆ ಗೊತ್ತು, ತಲೆ ಗೊತ್ತಿಲ್ಲ. "ನಿನಗೆ ಸಂಬಳ ಕೊಡ್ತಿರೋದು ಮಡಚೋದಕ್ಕೆ ಕಣಮ್ಮ, ಓದೋದಕ್ಕಲ್ಲ" ಎಂದು ಯಜಮಾನರು ದಿನಾ ಹೇಳುತ್ತಾರೆ. ಹೇಳಿದ ಮೇಲೆ ಉಳಿದ ಒಂದು ಪ್ರತಿಯನ್ನು ನನ್ನ ಮೇಜಿನ ಮೇಲೆ ತಾವೇ ಇಟ್ಟುಹೋಗುತ್ತಾರೆ.

ನಗರಸಭೆಯ ಕರಪತ್ರವನ್ನು ಮಡಚಿದ್ದೂ ನಾನೇ. ಚೀಲದ ಅಂಗಳವನ್ನು ಕಂಪನಿಗೆ ಕೊಟ್ಟಾಗ ಅಚ್ಚು ಹಾಕಿಸಿದ್ದು. ದಪ್ಪ ಕಾಗದ, ಎರಡು ಬಣ್ಣ. ಕಂಪನಿಗೆ ಜಾಗ ಕೊಟ್ಟಿದ್ದೇವೆ, ರಸ್ತೆ ಹಾಕಿಸಿದ್ದೇವೆ, ನೀರಿನ ಕೊಳವೆ ಎಳೆದಿದ್ದೇವೆ, ತೆರಿಗೆ ಬಿಟ್ಟುಕೊಟ್ಟಿದ್ದೇವೆ, ಬದಲಿಗೆ ಊರಿಗೆ ಕೆಲಸ ಬಂದಿದೆ ಎಂದು ಅದರಲ್ಲಿತ್ತು. ಒಂದು ಸುಳ್ಳು ಸಿಕ್ಕಿದರೆ ಹಿಡಿದು ಜಗ್ಗಬೇಕೆಂದು ನಾನು ಅದನ್ನು ಮತ್ತೆ ಮತ್ತೆ ಓದಿದೆ. ಸುಳ್ಳು ಸಿಗಲಿಲ್ಲ. ಕೆಲಸ ನಿಜವಾಗಿಯೂ ಬಂದಿದೆ. ಬೆಳಿಗ್ಗೆ ಕಂಪನಿಯ ಮುಂದೆ ನಿಂತರೆ ಕಾಣುತ್ತದೆ, ಬೇರೆ ಊರಿನ ವ್ಯಾನುಗಳಿಂದ ಜನ ಇಳಿಯುತ್ತಲೇ ಇರುತ್ತಾರೆ. ಆದರೆ ಆ ಗೋಡೆಗೆ ಅಂಟಿಕೊಂಡಂತೆ ಇರುವ ನಮ್ಮ ಹಿಂದಿನ ಸಾಲಿನ ಮನೆಗಳಿಂದ ಒಬ್ಬಳೂ ಒಳಗೆ ಹೋಗುವುದಿಲ್ಲ. ನಿಮ್ಮ ಚಪ್ಪರ ಕಿತ್ತು ಆ ಕಟ್ಟಡ ಎದ್ದಿದೆ. ನಮ್ಮ ಸಾಲಿನ ಪಾಲಿಗೆ ಅದರಿಂದ ಬಂದದ್ದು ನೆರಳು ಮಾತ್ರ. ಮಧ್ಯಾಹ್ನವಾದರೆ ಬಟ್ಟೆ ಒಣಗುವುದಿಲ್ಲ.

ಹಾಗಾಗಿ ನನಗೆ ಮೊದಲು ಸಿಟ್ಟು ಬಂದದ್ದು ವ್ಯಾನಿನವರ ಮೇಲೆ. ಒಂದು ಬೆಳಿಗ್ಗೆ ಗೇಟಿನ ಹತ್ತಿರ ನಿಂತು, ಇಳಿದು ಬಂದ ಒಬ್ಬಳನ್ನು ತಡೆದು ಕೇಳಿಯೇಬಿಟ್ಟೆ, ನಮ್ಮ ಅಮ್ಮಂದಿರ ಅನ್ನ ಕಿತ್ತುಕೊಳ್ಳಲು ನಾಚಿಕೆಯಾಗುವುದಿಲ್ಲವೇ ಎಂದು. ಹೆಗಲಿಗೆ ಕೆಂಪು ಚೀಲ ಹಾಕಿಕೊಂಡಿದ್ದಳು, ಕಣ್ಣಲ್ಲಿ ಇನ್ನೂ ನಿದ್ದೆ. ಅವಳು ಜಗಳಕ್ಕೆ ಬರಲಿಲ್ಲ.

"ನಮ್ಮೂರಲ್ಲಿ ನೂಲಿನ ಗಿರಣಿ ಮುಚ್ಚಿತು. ಮಗು ಏಳೋದಕ್ಕೆ ಮುಂಚೆ ಮನೆ ಬಿಡ್ತೀನಿ, ಮಲಗಿದ ಮೇಲೆ ವಾಪಸ್ ಹೋಗ್ತೀನಿ. ನನ್ನನ್ನ ಓಡಿಸಿದ್ರೆ ನಿಮ್ಮ ಅಮ್ಮನಿಗೆ ಕೆಲಸ ಸಿಗುತ್ತಾ? ಇನ್ನೊಂದು ವ್ಯಾನ್ ಬರುತ್ತೆ, ಅಷ್ಟೆ" ಎಂದಳು.

ತಡೆದು ನಿಂತಿದ್ದವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ನಾನು ಹಾಗೆ ಸರಿಯುವುದು ಅಪರೂಪ ಎಂದು ನೀನು ನಗುತ್ತೀಯ, ನಗು. ಅವಳ ಜೊತೆ ಗೇಟಿನವರೆಗೆ ನಡೆದೆ. ಅಷ್ಟರಲ್ಲಿ ಒಂದು ಮಾತು ಅವಳ ಬಾಯಿಂದ ಸುಮ್ಮನೆ ಬಂತು. ಒಳಗೆ ಕೆಲಸ ಮಾಡುವಾಗ ಪ್ರತಿ ಮಿಷನ್ನಿಗೂ ಇಬ್ಬಿಬ್ಬರು. ಅಲ್ಲಿ ಹೊಲಿಯುವ ಚೀಲ ಆಳೆತ್ತರ, ಹಡಗಿಗೆ ಧಾನ್ಯ ತುಂಬುವಂಥದ್ದು. ಒಬ್ಬಳು ಮುಂದಿನಿಂದ ಕೊಡಬೇಕು, ಒಬ್ಬಳು ಹಿಂದಿನಿಂದ ಎಳೆಯಬೇಕು. ಒಂಟಿಯಾಗಿ ಯಾರಿಗೂ ಆಗುವುದಿಲ್ಲ. "ನಿಮ್ಮ ಪರೀಕ್ಷೆಯೂ ಒಬ್ಬೊಬ್ಬರಿಗೇ ಮಾಡಿದ್ರಾ?" ಎಂದು ಕೇಳಿದೆ. "ಹೌದು ಮತ್ತೆ, ಚಿಕ್ಕ ತುಂಡು ಬಟ್ಟೆ ಕೊಟ್ಟಿದ್ರು" ಎಂದಳು.

ಅಮ್ಮಾ, ನಾನು ಅಲ್ಲೇ ಗೇಟಿನ ಮುಂದೆ ನಿಂತು ನಕ್ಕೆ. ಜೋಡಿಯಾಗಿ ಮಾಡುವ ಕೆಲಸಕ್ಕೆ ಜೋಡಿಗಳನ್ನು ಬಿಡಿಸಿ ಪರೀಕ್ಷೆ ಮಾಡಿದ್ದಾರೆ. ಹುಟ್ಟಿದಾಗಿನಿಂದ ಜೋಡಿಯಲ್ಲಿ ದುಡಿದವರನ್ನು ಫೇಲು ಮಾಡಿ, ವ್ಯಾನಿನಲ್ಲಿ ತಂದ ಒಂಟಿ ಕೈಗಳನ್ನು ಆಮೇಲೆ ಜೋಡಿ ಮಾಡಿ ಕೂರಿಸಿದ್ದಾರೆ. ಯಾರೂ ಬೇಕೆಂದು ಹೀಗೆ ಮಾಡಿದ್ದಲ್ಲ, ಆ ಸೀಟಿಯೂ ಅಲ್ಲ. ನಾನು ಅವನನ್ನೂ ಹೋಗಿ ಕೇಳಿದೆ. "ನನಗೆ ಜಾಗ ತುಂಬಿಸು ಅಂತಾರೆ, ಇವತ್ತು ಕೂತರೆ ಇವತ್ತೇ ಹೊಲಿಯೋರು ಬೇಕು ಅಂತಾರೆ. ಕಲಿಸೋಕೆ ಯಾರಮ್ಮ ಟೈಮ್ ಕೊಡ್ತಾರೆ" ಎಂದ. ಅದು ಅವನ ನಿಜ. ತೆರಿಗೆ ಬಿಟ್ಟುಕೊಟ್ಟ ನಗರಸಭೆ ಎಷ್ಟು ಕೆಲಸ ಎಂದು ಕೇಳಿತ್ತು, ಯಾರಿಗೆ ಎಂದು ಕೇಳಿರಲಿಲ್ಲ. ಕೇಳದಿದ್ದರೆ ಕೆಲಸ ತಾನಾಗಿ ಹೋಗುವುದು ಈಗಾಗಲೇ ಒಂದು ಮೆಟ್ಟಿಲು ಮೇಲಿರುವವರ ಮನೆಗೆ. ಹಿಂದಿನ ಸಾಲಿಗೆ ಬರಬೇಕಾದರೆ ಯಾರಾದರೂ ಅದರ ಕೈ ಹಿಡಿದು ಕರೆದುಕೊಂಡು ಬರಬೇಕು. ಈ ಮಾತು ಯಾವ ಕರಪತ್ರದ್ದೂ ಅಲ್ಲ, ನನ್ನದು. ಯಜಮಾನರಿಗೆ ಹೇಳಿದೆ, "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಆಮೇಲೆ ನಗರಸಭೆಗೆ ಹೋಗಿ ಕೇಳೋಣ ಬನ್ನಿ ಎಂದು ನಾನು ಮನೆಮನೆ ಸುತ್ತಿದೆ. ಯಾರೂ ಸುಲಭಕ್ಕೆ ಬಗ್ಗಲಿಲ್ಲ. "ಏ ಕರಪತ್ರ, ಮತ್ತೆ ಬಂದ್ಯಾ" ಎನ್ನುವುದೇ ಎಲ್ಲರ ಮೊದಲ ಮಾತು. ಚಿಕ್ಕಮ್ಮ ಇಟ್ಟ ಆ ಹೆಸರು ಈಗ ಸಾಲಿಗೆಲ್ಲ ಹಬ್ಬಿದೆ. ಮೂಲೆಮನೆ ಅಜ್ಜಿ ಮಾತ್ರ ಒಳಗೆ ಕರೆದು ಕೂರಿಸಿ, ಪೂರ್ತಿ ಕೇಳಿ, "ಚೆನ್ನಾಗಿ ಮಾತಾಡ್ತೀಯ, ಆದ್ರೆ ಉಸಿರು ತಗೋ ತಾಯಿ" ಎಂದಳು. ಚಿಕ್ಕಮ್ಮನದು ಬೇರೆಯೇ ಹಟ. "ನಾನು ಒಬ್ಬಳೇ ಆ ಕಂಪನಿ ಬಾಗಿಲು ತುಳಿಯಲ್ಲ. ನಿಮ್ಮಮ್ಮನ್ನ ಕರ್ಕೊಂಡು ಬಾ, ಆಮೇಲೆ ಮಾತು" ಎಂದಳು. ಬೇರೆ ಯಾರನ್ನಾದರೂ ಜೋಡಿ ಮಾಡಿಕೊಳ್ಳಬಾರದೇ ಎಂದೆ. "ಅವಳ ಮೇಲೆ ನನಗೆ ಸಾವಿರ ಸಿಟ್ಟಿದೆ ಕಣೇ, ಆದ್ರೆ ಅವಳ ಕೈ ನನಗೆ ಗೊತ್ತು. ಇನ್ನೊಬ್ಬಳ ಕೈ ಗೊತ್ತು ಮಾಡ್ಕೊಳ್ಳೋಕೆ ಈ ಜನ್ಮದಲ್ಲಿ ಹೊತ್ತಿಲ್ಲ" ಎಂದು ಒಲೆಯ ಕಡೆ ತಿರುಗಿದಳು. ನೀನು ಇದನ್ನು ಓದಿದೆ ಎಂದು ಅವಳಿಗೆ ಗೊತ್ತಾಗಬಾರದು. ಗೊತ್ತಾದರೆ ಮತ್ತೆ ಸೌಟಿನ ಜಗಳ ತೆಗೆಯುತ್ತಾಳೆ.

ಕೊನೆಗೆ ಚಿಕ್ಕಮ್ಮನೂ ಸೇರಿ ಎಲ್ಲರೂ ನಗರಸಭೆಗೆ ಹೊರಟರು. ಕಂಪನಿಯ ತೆರಿಗೆ ರಿಯಾಯಿತಿಯನ್ನು ಇನ್ನೂ ಮುಂದುವರಿಸಬೇಕೇ ಎಂದು ನಗರಸಭೆಯಲ್ಲಿ ತೀರ್ಮಾನವಾಗುವ ದಿನ ಅದು. ಜನ ಬಂದು ಮಾತಾಡಬಹುದು ಎಂದು ಸೂಚನಾ ಫಲಕದಲ್ಲಿ ಹಾಕಿರುತ್ತಾರೆ, ಯಾರೂ ಹೋಗುವುದಿಲ್ಲ. ನಾವು ಹೋದೆವು. ಸಭಾಂಗಣದಲ್ಲಿ ಗೋಡೆಯ ಉದ್ದಕ್ಕೂ ನಮ್ಮ ಸಾಲಿನವರು, ಮುಂದಿನ ಕುರ್ಚಿಗಳಲ್ಲಿ ಸದಸ್ಯರು, ಒಂದು ಬದಿಗೆ ಕಂಪನಿಯ ಮ್ಯಾನೇಜರು, ಅವನ ಹಿಂದೆ ಸೀಟಿ. ನಡುವೆ ಅಧ್ಯಕ್ಷೆ. ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯವರು, ನಿನ್ನ ಮಂಡಿನೋವಿಗೆ ಮುಲಾಮು ಕೊಡುತ್ತಿದ್ದರಲ್ಲ, ಅವರೇ.

ನಾನು ಎದ್ದು ಮಾತಾಡಿದೆ. ವ್ಯಾನಿನವರನ್ನು ತೆಗೆಯಿರಿ ಎಂದು ಕೇಳಲಿಲ್ಲ. ಹೊಸ ಮಿಷನ್ನುಗಳು ಬರುತ್ತಿವೆಯಲ್ಲ, ಅವುಗಳ ಮುಂದೆ ಅಂಗಳದ ಹೆಂಗಸರನ್ನು ಕೂರಿಸಿ, ಜೋಡಿಯಾಗಿ ಕೂರಿಸಿ, ಮೊದಲು ಕಲಿಸಿ ಆಮೇಲೆ ಪರೀಕ್ಷೆ ಮಾಡಿ, ಕಲಿಯುವ ದಿನಗಳಿಗೂ ಕೂಲಿ ಕೊಡಿ, ಅಲ್ಲಿಯವರೆಗೆ ರಿಯಾಯಿತಿಯನ್ನು ತಡೆಹಿಡಿಯಿರಿ ಎಂದೆ. ಮಡಚಿದ ಹಾಳೆಗಳಲ್ಲಿ ಓದಿದ್ದೆಲ್ಲ ಆ ದಿನ ನೆನಪಿಗೆ ಬಂತು. ಮಾತು ಸ್ವಲ್ಪ ಉದ್ದವಾಯಿತು ಎಂದು ಕೆಲವರು ಹೇಳುತ್ತಾರೆ, ನನಗೆ ಹಾಗನ್ನಿಸಲಿಲ್ಲ. ನಡುವೆ ಸಣ್ಣದೊಂದು ಅಡಚಣೆ ಬಂತು, ಚಿಕ್ಕಮ್ಮನಿಂದ. ಅದನ್ನು ವಿವರಿಸಿ ಕಾಗದ ಹಾಳು ಮಾಡುವುದಿಲ್ಲ. ಕೊನೆಗೆ ಅಧ್ಯಕ್ಷೆ ಮ್ಯಾನೇಜರ ಕಡೆ ತಿರುಗಿ, ಕಲಿಸೋಕೆ ನಿಮಗೇನು ಕಷ್ಟ ಎಂದು ಕೇಳಿದರು. ಅವನು ಖರ್ಚು ಎಂದ. ನಮ್ಮ ರಸ್ತೆ, ನಮ್ಮ ನೀರು, ನಮ್ಮ ಜಾಗ ತಗೊಳ್ಳುವಾಗ ಅದು ಯಾರ ಖರ್ಚು ಅಂತ ನೀವು ಕೇಳಲಿಲ್ಲವಲ್ಲ ಎಂದರು ಅಧ್ಯಕ್ಷೆ. ಗೋಡೆಯ ಉದ್ದಕ್ಕೂ ಒಂದು ಸದ್ದು ಹೋಯಿತು ಅಮ್ಮಾ, ಚಪ್ಪಾಳೆಯಲ್ಲ, ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟ ಹಾಗೆ.

ನಾವು ಗೆದ್ದೆವು. ಸೋಮವಾರದಿಂದ ಕಲಿಕೆ ಶುರು, ಕೂಲಿ ಕೊಟ್ಟು, ಜೋಡಿಯಾಗಿ. ಕಲಿತ ಮೇಲೆ ಪರೀಕ್ಷೆ, ಅದೂ ಜೋಡಿಯಾಗಿಯೇ. ನಮ್ಮ ಸಾಲಿನ ಜೋಡಿಗಳು ಮಿಷನ್ನಿನ ಮುಂದೆ ಕೂರುವವರೆಗೆ ರಿಯಾಯಿತಿಗೆ ಸಹಿ ಬೀಳುವುದಿಲ್ಲ. ಒಂದು ಷರತ್ತನ್ನು ಮ್ಯಾನೇಜರೂ ಹಾಕಿಸಿಕೊಂಡ. ಮೊದಲ ದಿನ ಜೋಡಿಯ ಇಬ್ಬರೂ ಬಂದಿರಬೇಕು, ಒಬ್ಬಳೇ ಬಂದರೆ ಆ ಮಿಷನ್ನು ಬೇರೆಯವರಿಗೆ. ಜೋಡಿ ಬೇಕು ಎಂದವರು ನಾವೇ, ಹಾಗಾಗಿ ಬೇಡ ಎನ್ನಲು ಬಾಯಿ ಇರಲಿಲ್ಲ. ನಿನ್ನ ಹೆಸರನ್ನು ಚಿಕ್ಕಮ್ಮನ ಹೆಸರಿನ ಜೊತೆ ನಾನೇ ಹೇಳಿಬಿಟ್ಟೆ. ನಿನ್ನನ್ನು ಕೇಳದೆ ಹೇಳಿದ್ದು. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ.

ಎಲ್ಲರಿಗೂ ಸಿಕ್ಕಿತೆಂದು ಬರೆದರೆ ನಾನೂ ನಗರಸಭೆಯ ಕರಪತ್ರವಾಗುತ್ತೇನೆ. ಮೂಲೆಮನೆ ಅಜ್ಜಿಗೆ ಕಣ್ಣು ಮಂಜು, ಮಿಷನ್ನಿನ ಸೂಜಿ ಕಾಣುವುದಿಲ್ಲ. ಅವಳ ಜೋಡಿ ಬಸ್ ನಿಲ್ದಾಣದಲ್ಲಿ ಕಸ ಗುಡಿಸುವ ಕೆಲಸ ಹಿಡಿದಿದ್ದಾಳೆ, ಸಿಕ್ಕಿದ್ದನ್ನು ಬಿಟ್ಟು ಬರಲಾರೆ ಎಂದಳು. "ನನ್ನನ್ನ ಎಣಿಸ್ಬೇಡ, ನನ್ನ ಬಗ್ಗೆ ಭಾಷಣನೂ ಮಾಡ್ಬೇಡ" ಎಂದಳು ಅಜ್ಜಿ. ಮೊದಲನೆಯದನ್ನು ಕೇಳುವವಳಲ್ಲ ನಾನು. ಅಷ್ಟೆತ್ತರದ ಚೀಲಗಳನ್ನು ಮಡಚಲು, ಕಟ್ಟಲು ಕಣ್ಣಿಗಿಂತ ಕೈ ಮುಖ್ಯ ಎಂದು ಸೀಟಿಯ ಕಿವಿಗೆ ಹಾಕಿದ್ದೇನೆ. ಮುಂದಿನ ಸಭೆ ಅವಳದು.

ಈಗ ಅಣ್ಣನ ಮನೆಯ ಮಾತು. ಇನ್ನು ಯಾಕಮ್ಮ ದುಡಿಮೆ, ಹಾಯಾಗಿರು ಎಂದು ಅವನು ಹೇಳುತ್ತಾನಂತೆ. ಪ್ರೀತಿಯಿಂದಲೇ ಹೇಳುತ್ತಾನೆ, ನನಗೆ ಗೊತ್ತು. ಆದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಮಗುವನ್ನು ಎತ್ತಿ, ಇಳಿಸಿ, ಉಣ್ಣಿಸಿ, ಮನೆ ಸಾರಿಸಿ ಹಾಯಾಗಿರುವುದಕ್ಕೂ ಒಂದು ಹೆಸರಿದೆ. ಹೆಂಗಸರ ಕೂಲಿಯ ಕಿರುಹೊತ್ತಿಗೆಯಲ್ಲಿ ಅದಕ್ಕಾಗಿ ಒಂದು ಇಡೀ ಅಧ್ಯಾಯವಿದೆ, ನಡುವಿನ ಪುಟದಲ್ಲೇ. ಅತ್ತಿಗೆಗೆ ಇದು ಅರ್ಥವಾಗಿದೆ. ಭಾನುವಾರ ಅವಳೇ ಫೋನ್ ಮಾಡಿದ್ದಳು. "ಅತ್ತೆ, ಮನೇಲಿರೋ ಹರಿದ ಬಟ್ಟೆಯನ್ನೆಲ್ಲ ಹೊಲಿದು ಮುಗಿಸಿದ್ರು. ಈಗ ಹರೀದೇ ಇರೋ ಕಾಲೊರೆಸು ಹೊಲೀತಿದ್ದಾರೆ. ಮಧ್ಯಾಹ್ನ ಸೂಜಿಗೆ ದಾರ ಪೋಣಿಸ್ಕೊಂಡು ಕಿಟಕಿ ಹತ್ತಿರ ಸುಮ್ನೆ ಕೂತಿರ್ತಾರೆ. ನೋಡೋಕಾಗಲ್ಲ, ಕರ್ಕೊಂಡು ಹೋಗು" ಎಂದಳು. ಮಗುವನ್ನು ಹಗಲು ನೋಡಿಕೊಳ್ಳಲು ಕೆಳಮನೆಯವರು ಒಪ್ಪಿದ್ದಾರಂತೆ. ನಿನಗಿನ್ನೂ ಹೇಳಿಲ್ಲವಂತೆ. ಮೊಮ್ಮಗುವನ್ನು ಬಿಟ್ಟು ಹೇಗೆ ಬರಲಿ ಎಂದು ನೀನು ಬರೆಯಬೇಡ. ರಜೆ ಇರುವ ಕೆಲಸ ಇದು, ಅಂಗಳದಲ್ಲಿ ಅದೂ ಇರಲಿಲ್ಲ. ರಜೆಗೆ ಹೋಗಿ ಮುದ್ದು ಮಾಡಿ ಬಾ.

ಶನಿವಾರ ಸಂಜೆಯ ಬಸ್ಸಿಗೆ ಹೊರಡು. ನಿಲ್ದಾಣದಲ್ಲಿ ನಾನಿರುತ್ತೇನೆ. ಮನೆ ಗುಡಿಸಿದ್ದೇನೆ, ನಿನ್ನ ಚಾಪೆಯನ್ನು ಬಿಸಿಲಿಗೆ ಹಾಕಿದ್ದೇನೆ, ಅಂದರೆ ಕಂಪನಿಯ ನೆರಳು ಬೀಳುವ ಮೊದಲು ಸಿಗುವಷ್ಟು ಬಿಸಿಲಿಗೆ. ಸೌಟು ಎಲ್ಲಿದೆ ಎಂದು ಕೇಳಬೇಡ, ಚಿಕ್ಕಮ್ಮನ ಮನೆಯಲ್ಲಿದೆ.

ಆ ಬಾಗಿಲಿನೊಳಗೆ ಮತ್ತೆ ಹೋಗಲು ನಿನಗೆ ಹೇಗನ್ನಿಸುತ್ತದೋ ಏನೋ. ಆದರೆ ಈ ಸಲ ನಿನ್ನನ್ನು ಯಾರಿಂದಲೂ ಬಿಡಿಸಿ ಕೂರಿಸುವುದಿಲ್ಲ. ಮಿಷನ್ನಿನ ಅಡಿಗೆ ಕೈ ಹಾಕಬಾರದೆಂದು ಮೊದಲ ದಿನವೇ ಕಲಿಸುತ್ತಾರೆ, ಎರಡನೇ ದಿನವೂ ಹೇಳುತ್ತಾರೆ, ಕೈಗೆ ಅಭ್ಯಾಸವಾಗುವವರೆಗೆ ಹೇಳುತ್ತಲೇ ಇರುತ್ತಾರೆ. ಹಾಗೆಂದು ಸೀಟಿಯ ಬಾಯಿಂದಲೇ ಹೇಳಿಸಿದ್ದೇನೆ. ನನ್ನ ಭಾಷಣ ಅಷ್ಟಾದರೂ ಮಾಡಿತು.

ನಿನ್ನ ದಾರಿ ಕಾಯುವ,
ನಿನಗೆ ಮಗಳು, ಸಾಲಿಗೆಲ್ಲ
ಕರಪತ್ರ

ಮರೆತ ಮಾತು: ಮೇಲಿನದನ್ನು ಬರೆದು ಮಡಚಿಟ್ಟಿದ್ದೆ. ಚಿಕ್ಕಮ್ಮ ಬಂದು, ಬಿಚ್ಚಿಸಿ, ಪೂರ್ತಿ ಓದಿಸಿಕೊಂಡಳು. ತನ್ನ ಸಾವಿರ ಸಿಟ್ಟಿನ ಮಾತು ಬಂದಾಗ, ಮುಂದಕ್ಕೆ ಓದು ಎಂದಳಷ್ಟೆ. "ನನ್ನ ಭಾಷಣ ಅಷ್ಟಾದರೂ ಮಾಡಿತು" ಎಂದಲ್ಲಿಗೆ ಬಂದಾಗ ಮಾತ್ರ ಬಿದ್ದು ಬಿದ್ದು ನಕ್ಕಳು. ನಿಜ ಬರೆಯದಿದ್ದರೆ ತಾನೇ ಬಸ್ಸು ಹತ್ತಿ ಬಂದು ನಿನಗೆ ಹೇಳುತ್ತಾಳಂತೆ. ಬರೆಯುತ್ತೇನೆ.

ನನ್ನ ಭಾಷಣಕ್ಕೆ ಒಬ್ಬ ಸದಸ್ಯ ಆಕಳಿಸಿದ, ಇನ್ನೊಬ್ಬ ಎದ್ದು ಹೋದ. ಮ್ಯಾನೇಜರು ನಗುತ್ತ, ಮೊದಲ ದಿನವೇ ಮಿಷನ್ನಿನ ಕೆಳಗೆ ಕೈ ಹಾಕುವವರಿಗೆ ಏನು ಕಲಿಸೋದು ಮೇಡಂ ಎಂದ. ಆಗ ಚಿಕ್ಕಮ್ಮ ಕಂಕುಳಲ್ಲಿಟ್ಟುಕೊಂಡು ಬಂದಿದ್ದ ಒಂದು ಹರಿದ ಗೋಣಿಚೀಲವನ್ನು ಸಭೆಯ ನಡುವೆ ನೆಲದ ಮೇಲೆ ಹಾಸಿದಳು. "ಏ ಕರಪತ್ರ, ಸಾಕು ನಿಲ್ಲಿಸು. ಬಾ ಇಲ್ಲಿ, ನಿಮ್ಮಮ್ಮನ ಜಾಗದಲ್ಲಿ ಕೂತ್ಕೋ" ಎಂದಳು. ಕೂತೆ. ಚೀಲದೊಳಗೆ ಕೈ ಹಾಕಿದೆ. ಏನೂ ಕಾಣುವುದಿಲ್ಲ ಅಮ್ಮಾ, ಕತ್ತಲು, ಧೂಳು, ಸೂಜಿ ಎಲ್ಲಿಂದ ಬರುತ್ತದೆಂದು ತಿಳಿಯುವುದಿಲ್ಲ. ಮೊದಲ ಹೊಲಿಗೆಗೇ ದಬ್ಬಳ ನನ್ನ ಹೆಬ್ಬೆರಳಿಗೆ ಹೊಕ್ಕಿತು. ಬಲಗೈ ಹೆಬ್ಬೆರಳು, ಪೆನ್ನು ಹಿಡಿಯುವುದು. ನಾನು ಎಷ್ಟು ಜೋರಾಗಿ ಕಿರುಚಿದೆನೆಂದರೆ ಎದ್ದು ಹೋದ ಸದಸ್ಯ ವಾಪಸ್ಸು ಬಂದ. ಸಭೆಯಲ್ಲಿ ಎಲ್ಲರೂ ನಕ್ಕರು, ಸೀಟಿಯೂ ನಕ್ಕ. ಚಿಕ್ಕಮ್ಮ ಮಾತ್ರ ನಗದೆ ಮ್ಯಾನೇಜರನ್ನು ನೋಡಿ ಹೇಳಿದಳು, "ಇವಳಿಗೆ ಲೋಕದ್ದೆಲ್ಲ ಗೊತ್ತು ಸ್ವಾಮಿ. ನಮ್ಮ ಕೆಲಸಕ್ಕೆ ಮೊದಲ ದಿನ ಕೂತಳು, ಹೀಗಾಯ್ತು. ನಾನು ಇವಳನ್ನ ಮನೆಗೆ ಕಳಿಸಲ್ಲ, ನಾಳೆನೂ ಕೂರಿಸ್ತೀನಿ. ನೀವು ನಮ್ಮಕ್ಕನ್ನ ಕಳಿಸಿಬಿಟ್ರಿ."

ಅಧ್ಯಕ್ಷೆ ಕುರ್ಚಿಯಿಂದ ಇಳಿದು ಬಂದು ನನ್ನ ಬೆರಳಿಗೆ ತಾವೇ ಪಟ್ಟಿ ಕಟ್ಟಿದರು. ಕಟ್ಟುತ್ತಲೇ ಮ್ಯಾನೇಜರನ್ನು ಕೇಳಿದ್ದು ಆ ಮಾತು, ಕಲಿಸೋಕೆ ನಿಮಗೇನು ಕಷ್ಟ ಎಂದು. ಪೆನ್ನು ಚೆನ್ನಾಗಿಯೇ ಇದೆ. ಮೇಜೂ ಅಲ್ಲಾಡುವುದಿಲ್ಲ.

ನಿನ್ನ ಹೆಬ್ಬೆರಳಿನ ತುದಿ ಮರದ ತೊಗಟೆಯ ಹಾಗಿದೆ, ತಲೆ ಬಾಚುವಾಗ ಕೂದಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ನಾನು ಚಿಕ್ಕಂದಿನಲ್ಲಿ ಗೊಣಗುತ್ತಿದ್ದೆ. ಇನ್ನು ಗೊಣಗುವುದಿಲ್ಲ. ಶನಿವಾರ ಬಂದು ಬಾಚು.

ಚಿಕ್ಕಮ್ಮ ಪಕ್ಕದಲ್ಲೇ ಕೂತು, ತಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರಿ ಎನ್ನುತ್ತಿದ್ದಾಳೆ. ಬರೆದೆ: "ಅಕ್ಕಾ, ಸೂಜಿನ ಆ ಕಡೆ ಹಾಕಿ ತುಂಬಾ ಹೊತ್ತಾಯ್ತು. ಇನ್ನೂ ವಾಪಸ್ ಬಂದಿಲ್ಲ."